ಹೊಂಬಾಳಮ್ಮನ ನಿದ್ದೆಗೆ ಬಿಟ್ಟ ನೀರು

ಆತಗೂರು ಹೋಬಳಿಯಲ್ಲಿ ನಮ್ಮದೊಂದು ದೊಡ್ಡಿ, ಎಂದರೆ ಪುಟ್ಟ ಊರು. ಭೂಪಟದಲ್ಲಿ ಹುಡುಕುವ ಶ್ರಮ ಬೇಡ. ಕನ್ನಂಬಾಡಿಯ ನಾಲೆಯ ಕಣ್ಣಿಗೇ ಅದು ಬೀಳಲಿಲ್ಲ. ಮಂಡ್ಯದ ಸುತ್ತ ನಾಲೆ ಹರಿದು, ಕಬ್ಬು ಆಳುದ್ದ ಎದ್ದು, ಜನ ಆಕಾಶ ನೋಡುವುದನ್ನೇ ಬಿಟ್ಟ ಕಾಲದಲ್ಲೂ ದಿಣ್ಣೆಯ ಮೇಲಿದ್ದ ನಾವು ಅಜ್ಜಂದಿರು ಕಟ್ಟಿಸಿದ ಕೆರೆಯೊಂದನ್ನೇ ನಂಬಿಕೊಂಡಿದ್ದೆವು. ಅದು ತುಂಬಿದ ವರ್ಷ ನಮ್ಮಷ್ಟು ದೊಡ್ಡವರಿಲ್ಲ ಎನ್ನುತ್ತಿದ್ದೆವು. ತುಂಬದ ವರ್ಷ ದೇವರೇ ಸರಿಯಿಲ್ಲ ಎನ್ನುತ್ತಿದ್ದೆವು.

ಆ ಕೆರೆಗೆ ಕರಿಸಿದ್ದಯ್ಯ ನೀರುಗಂಟಿ. ತೂಬು ಎತ್ತುವವನು, ಇಳಿಸುವವನು, ಕಾಲುವೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತಿರುಗಿಸುವವನು ಅವನೇ. ಏರಿಯಲ್ಲಿ ಏಡಿ ಬಿಲ ತೋಡಿದರೂ ಊರಿಗೆ ಮೊದಲು ಅವನ ಕಾಲಿಗೇ ಗೊತ್ತಾಗಬೇಕು. ನಿದ್ದೆ ಬಾರದಿರುವುದು ಉಳಿದವರಿಗೆ ಕಾಯಿಲೆಯಾದರೆ ಅವನಿಗೆ ಅದೊಂದು ಹುದ್ದೆ. ಗೋಡೆಗೆ ಒರಗಿ, ಮಣ್ಣೆತ್ತುವ ಸನಿಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅರ್ಧ ತೆರೆದು ಅವನು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ. ‘ನಾನು ಮನಗಿಬುಟ್ರೆ ಕೆರೆ ಯಾರು ಕಾದಾರು?’ ಎಂದು ಕೇಳುತ್ತಿದ್ದ. ಕೆರೆ ಅವನಪ್ಪನಿಗಿಂತಲೂ ಹಳೆಯದು, ಅವನಪ್ಪ ಮಲಗಿದ್ದಾಗಲೂ ಅಲ್ಲೇ ಇತ್ತು ಎಂದು ಯಾರೂ ಅವನಿಗೆ ನೆನಪಿಸಲಿಲ್ಲ. ಒಬ್ಬ ಮನುಷ್ಯ ನಮ್ಮ ಸಲುವಾಗಿ ನಿದ್ದೆ ಕೆಡಿಸಿಕೊಳ್ಳುತ್ತೇನೆಂದರೆ ಬೇಡವೆನ್ನುವುದು ಮರ್ಯಾದೆಯಲ್ಲ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು. ನೀರುಗಂಟಿಕೆಗೆಂದು ಊರು ಬಿಟ್ಟುಕೊಟ್ಟಿದ್ದ ತುಂಡು ಗದ್ದೆಯೊಂದು ಅವನ ಪಾಲಿಗಿತ್ತು. ಅದು ಎಲ್ಲೋ ದೂರದಲ್ಲಿರಲಿಲ್ಲ. ಕೇರಿಯ ತುದಿಯಲ್ಲಿ, ಅವನ ಗುಡಿಸಲಿನ ಹಿಂಗೋಡೆಗೆ ಅಂಟಿಕೊಂಡಂತೆ ಇತ್ತು. ತೂಬಿನಿಂದ ಹೊರಟ ಕಾಲುವೆ ಮೊದಲು ಹಾಯುವುದೇ ಅದರ ಪಕ್ಕದಲ್ಲಿ. ಆದರೆ ನೀರು ಅದನ್ನು ಸವರಿಕೊಂಡು ಮುಂದೆ ಹೋಗಿ ಪಟೇಲರ ಗದ್ದೆಗೆ ಬೀಳಬೇಕು, ಆಮೇಲೆ ದೇವಸ್ಥಾನದ್ದು, ಆಮೇಲೆ ಉಳಿದವರದ್ದು. ಬಯಲೆಲ್ಲ ನೆನೆದ ಮೇಲೆ, ಕಾಲುವೆಯಲ್ಲಿ ಇನ್ನೂ ಏನಾದರೂ ಹರಿಯುತ್ತಿದ್ದರೆ, ಕರಿಸಿದ್ದಯ್ಯ ತನ್ನ ಗದ್ದೆಯ ಗಂಡಿ ತೆಗೆಯುತ್ತಿದ್ದ. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಅವನಪ್ಪ ಹಾಗೆ ಮಾಡುತ್ತಿದ್ದ, ಇವನೂ ಮಾಡಿದ. ಊರು ಅದಕ್ಕಾಗಿ ಅವನನ್ನು ಧರ್ಮರಾಯನೆಂದು ಹೊಗಳಿತು. ನಮ್ಮೂರು ಹೊಗಳುವುದರಲ್ಲಿ ಎಂದೂ ಕೈ ಬಿಗಿಹಿಡಿದದ್ದಿಲ್ಲ. ಹೊಗಳಿಕೆ ಬೆಳೆಯಲು ನೀರು ಬೇಕಿಲ್ಲ.

ಆ ಹೊಗಳಿಕೆಯನ್ನು ಉಂಡವನು ಕರಿಸಿದ್ದಯ್ಯ. ಗದ್ದೆಯಲ್ಲಿ ಏನಾದರೂ ಬೆಳೆದರೆ ಅದನ್ನು ಬೇಯಿಸಬೇಕಾದವಳು ಅವನ ಹೆಂಡತಿ ಹೊಂಬಾಳಮ್ಮ.

ಹೊಂಬಾಳಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಆಕೆಯ ಬಾಗಿದ ಬೆನ್ನು. ನಾಟಿಯ ಸಾಲಿನಲ್ಲಿ ಆಕೆಯದು ಎಡತುದಿಯ ಜಾಗ. ಆ ತುದಿಯವಳು ಎಷ್ಟು ಬೇಗ ಹಿಂದೆ ಸರಿಯುತ್ತಾಳೋ ಉಳಿದವರೂ ಅಷ್ಟು ಬೇಗ ಸರಿಯಬೇಕು. ಪಟೇಲರ ಗದ್ದೆಯನ್ನೂ ದೇವಸ್ಥಾನದ ಗದ್ದೆಯನ್ನೂ ಎಲ್ಲರಿಗಿಂತ ಮೊದಲು ನಾಟಿ ಮಾಡಿ, ತನ್ನ ತುಂಡಿಗೆ ಬರುವಾಗ ಆಕೆಯ ಸಸಿ ಮುದುಕಿಯ ಹಲ್ಲಿನಂತೆ ಹಳದಿಯಾಗಿರುತ್ತಿತ್ತು. ಮಳೆ ಕೈಕೊಟ್ಟ ಒಂದು ವರ್ಷ ಕೆರೆ ತಳ ಕಂಡು, ಎಲ್ಲರ ಪೈರೂ ಹೇಗೋ ಕಾಳು ಕಟ್ಟಿ, ಇವರದೊಂದು ಮಾತ್ರ ಹಾಲು ತುಂಬದೆ ಒಣಗಿತು. ಆಕೆ ಅದನ್ನು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಪಟೇಲರ ಬೀದಿಯ ಬಾಯಲ್ಲಿ ನಿಧಾನವಾಗಿ ಹಾದು ಹೋದಳು. ಯಾರೋ ಏನಮ್ಮಾ ಸುಗ್ಗಿಯೋ ಎಂದು ಕೇಳಿದರು. ‘ಊ ಕಣಪ್ಪ, ಧರ್ಮರಾಯನ ಸುಗ್ಗಿ. ಕಾಳು ಧರ್ಮಕ್ಕೆ ಓಯ್ತು, ಉಲ್ಲು ಮೇಕೆಗೆ ಬತ್ತು’ ಎಂದಳು. ಕೇಳಿದವರು ನಕ್ಕರು. ಆಕೆ ನಗಲಿಲ್ಲವೆಂಬುದು ಹೊರೆಯ ನೆರಳಿನಲ್ಲಿ ಯಾರಿಗೂ ಕಾಣಲಿಲ್ಲ.

ಎರಡನೆಯ ಮಹಾಯುದ್ಧದ ನಡುವಿನ ಒಂದು ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಹೊಂಬಾಳಮ್ಮನಿಗೆ ಹೊಟ್ಟೆಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಉಷ್ಣ ಎಂದರು, ಆಮೇಲೆ ದೃಷ್ಟಿ ಎಂದರು. ಕೈಗೆ ಗಂಟು ಸಿಕ್ಕಿದ ಮೇಲೆ ಏನೂ ಎನ್ನಲಿಲ್ಲ. ಗಾಡಿ ಕಟ್ಟಿಕೊಂಡು ಮದ್ದೂರಿಗೆ ಹೋಗಿ, ಅಲ್ಲಿ ರೈಲು ಹತ್ತಿಸಿ ಕರಿಸಿದ್ದಯ್ಯ ಆಕೆಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಒಳ್ಳೆಯವರು. ಮುಟ್ಟಿ ನೋಡಿ, ಕೊಯ್ಯುವ ಕಾಲ ಮೀರಿದೆ ಎಂಬುದನ್ನು ಬೇರೆ ಮಾತಿನಲ್ಲಿ ಹೇಳಿದರು. ಇನ್ನು ಮಾಡಬೇಕಾದದ್ದು ಒಂದೇ, ಆಕೆಗೆ ನಿದ್ದೆ ಬರುವಂತೆ ನೋಡಿಕೊಳ್ಳುವುದು. ನಿದ್ದೆಯಿದ್ದಷ್ಟು ದಿನ ನೋವನ್ನು ತಡೆದುಕೊಳ್ಳುತ್ತಾಳೆ, ನಿದ್ದೆ ತಪ್ಪಿದರೆ ಜೀವ ಬೇಗ ಸೋಲುತ್ತದೆ ಎಂದರು. ಒಂದು ಸೀಸೆ ಔಷಧ ಕೊಟ್ಟು, ಯುದ್ಧದಿಂದಾಗಿ ಇನ್ನೊಂದು ಸಿಗುವ ಭರವಸೆಯಿಲ್ಲ ಎಂದು ತಾವೇ ಬೇಸರಪಟ್ಟರು. ಅದು ಮುಗಿದ ಮೇಲೆ ಏನು ಮಾಡಬೇಕೆಂದು ಆಕೆಯನ್ನು ಬೆಂಚಿನ ಮೇಲೆ ಮಲಗಿಸಿ ಕಲಿಸಿಯೂ ಕೊಟ್ಟರು.

‘ಮೈಯನ್ನ ಬಿಗಿ ಹಿಡಿದು ಮಲಗಿದರೆ ನಿದ್ದೆ ಬರೋದಿಲ್ಲಮ್ಮ. ಮೊದಲು ಕಾಲು ಬಿಡಬೇಕು. ಆಮೇಲೆ ಕೈ ಬಿಡಬೇಕು. ಹೀಗೇ ಒಂದೊಂದೇ ಬಿಟ್ಟುಕೊಂಡು ಬಂದು, ನೋವಿರೋ ಹೊಟ್ಟೆಯನ್ನ ಕಟ್ಟಕಡೆಗೆ ಬಿಡಿ.’

ಬಿಡುವುದು ಎಂಬ ಮಾತಿಗೆ ನೀರುಗಂಟಿಯ ಮನೆಯಲ್ಲಿ ಇರುವುದು ಒಂದೇ ಅರ್ಥ. ಕರಿಸಿದ್ದಯ್ಯ ಡಾಕ್ಟರ ಮಾತನ್ನು ಒಂದಕ್ಷರವೂ ಚೆಲ್ಲದೆ ಊರಿಗೆ ತಂದು, ಪಕ್ಕದ ಗುಡಿಸಲಿನ ಪಟ್ಟಲಮ್ಮನಿಗೆ, ಡಾಕ್ಟರು ಮೈಗೆಲ್ಲ ನೀರು ಬಿಡಲು ಹೇಳಿದ್ದಾರೆ, ಮೊದಲು ಕಾಲಿಗೆ ಎಂದು ವರದಿ ಮಾಡಿದ. ಪಟ್ಟಲಮ್ಮ ಕೇರಿಯ ಸೂಲಗಿತ್ತಿ. ಕೆಲಸ ಹೇಳಿದರೆ ತಡ ಮಾಡುವವಳಲ್ಲ. ಹಂಡೆ ಒಲೆಗೇರಿಸಿ, ನೀರು ಕಾಯಿಸಿ, ಹೊಂಬಾಳಮ್ಮನ ಕಾಲಿಗೆ ಚೊಂಬುಚೊಂಬಾಗಿ ಸುರಿದಳು. ಅಂದು ಹೊಂಬಾಳಮ್ಮ ನಿಜವಾಗಿ ಸ್ವಲ್ಪ ಮಲಗಿದಳು. ಔಷಧದ ಸೀಸೆಯಲ್ಲಿ ಇನ್ನೂ ಉಳಿದಿತ್ತೆಂಬುದು ಬೇರೆ ಮಾತು.

ಸೀಸೆ ಬರಿದಾಯಿತು, ನಿದ್ದೆಯೂ ಹೋಯಿತು. ನಿದ್ದೆ ಬಾರದವರಿಗೆ ದಾರಿ ತೋರಿಸಲು ಯಾವಾಗಲೂ ಚೆನ್ನಾಗಿ ನಿದ್ದೆ ಮಾಡಿ ಎದ್ದವರೇ ಬರುತ್ತಾರೆ. ಅಂಗಾಲಿಗೆ ಹರಳೆಣ್ಣೆ ತಿಕ್ಕಲು ಒಬ್ಬರು ಹೇಳಿದರು, ದಿಂಬಿನಡಿ ಈರುಳ್ಳಿ ಇಡಲು ಇನ್ನೊಬ್ಬರು. ಹನಕೆರೆ ಸ್ಟೇಷನ್ನಿನಲ್ಲಿ ಗ್ಯಾಂಗಿನ ಕೆಲಸದಲ್ಲಿದ್ದ ನೆಂಟನೊಬ್ಬ ಬಂದು, ತಾನು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ಮಲಗುತ್ತೇನೆ, ಅರ್ಧ ಗಾಡಿ ದಾಟುವುದರೊಳಗೆ ನಿದ್ದೆ ಎಂದ. ನಮ್ಮೂರಿಗೆ ರೈಲಿಲ್ಲವೆಂಬುದು ಅವನ ಸಲಹೆಯಲ್ಲಿದ್ದ ಒಂದೇ ಐಬು. ಸ್ಕೂಲು ಮೇಷ್ಟ್ರು ಕೇರಿಯ ಬಾಯಿಗೆ ಬಂದು ನಿಂತು, ಯೋಗದಲ್ಲಿ ಶವಾಸನ ಎಂಬುದುಂಟು, ಹೆಣದ ಹಾಗೆ ಮಲಗಿದ್ದೇನೆಂದು ಭಾವಿಸಿದರೆ ಸಾಕು ಎಂದು ಕೂಗಿ ತಿಳಿಸಿದರು. ಅವರ ಉದ್ದೇಶ ಒಳ್ಳೆಯದೇ. ಪಟ್ಟಲಮ್ಮ ಸೌದೆ ಹಿಡಿದು ಹೊರಗೆ ಬಂದದ್ದರಿಂದ ಉಳಿದ ಆಸನಗಳು ಹಾಗೆಯೇ ಉಳಿದವು.

ಪಟೇಲ ಚಿಕ್ಕಬೋರೇಗೌಡರೂ ತಮ್ಮ ಸಲಹೆಯನ್ನು ಆಳಿನ ಮೂಲಕ ಕಳಿಸಿದರು: ನ್ಯಾಯವಾಗಿ ನಡೆದುಕೊಂಡವರಿಗೆ ನಿದ್ದೆ ತಾನಾಗಿ ಬರುತ್ತದೆ, ತಮಗೆ ಬರುವ ಹಾಗೆ. ಗೌಡರಿಗೆ ನಿದ್ದೆ ಬರುತ್ತಿದ್ದುದು ನಿಜ. ಅವರ ಗೊರಕೆ ಮೂರು ಮನೆ ಆಚೆಗೂ ಕೇಳುತ್ತಿತ್ತು. ಎಚ್ಚರವಾಗಿದ್ದಾಗಲೂ ಅವರು ಸದ್ದಿಲ್ಲದೆ ಇದ್ದದ್ದನ್ನು ನಾವು ಕಂಡಿಲ್ಲ. ಮಳವಳ್ಳಿಯಲ್ಲಿ ಹೇಳಿ ಮಾಡಿಸಿದ ಅವರ ಜೋಡು ಹೆಜ್ಜೆಗೊಂದು ಸಲ ಕಿರ್ರೆನ್ನುತ್ತಿತ್ತು. ಹಾಗೆ ಸದ್ದು ಮಾಡುವಂತೆಯೇ ಹೊಲಿಯಬೇಕೆಂದು ಅವರು ಹೇಳಿಸಿದ್ದರೆಂದು ಸುದ್ದಿ. ಆ ಕಿರ್ರು ಬೀದಿಯ ತಿರುವಿನಲ್ಲಿ ಕೇಳಿದರೆ ಜಗಲಿಯ ಮೇಲೆ ಕೂತವರು ಏಳಬೇಕು. ಕೇರಿಯವರಾದರೆ ಆ ಬೀದಿ ಹೊಗುವಾಗಲೇ ತಮ್ಮ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದಿರಬೇಕು. ಕರಿಸಿದ್ದಯ್ಯ ಹಾಗೆ ಕೈಯಲ್ಲಿ ಹಿಡಿದೇ ಅರ್ಧ ಆಯುಷ್ಯ ನಡೆದಿದ್ದ. ಅವನ ಮೆಟ್ಟು ಬೇಗ ಸವೆಯುವುದಿಲ್ಲವೆಂದು ಹೊಂಬಾಳಮ್ಮ ಹೇಳುತ್ತಿದ್ದಳು.

ಎಲ್ಲರ ಮದ್ದೂ ಮುಗಿದ ಮೇಲೆ ಕರಿಸಿದ್ದಯ್ಯ ಡಾಕ್ಟರ ಮಾತನ್ನು ಮತ್ತೆ ತೆಗೆದುಕೊಂಡು ಕೂತ. ಕಾಲಿಗೆ ನೀರು ಸುರಿಯುವುದಲ್ಲ, ಕಾಲೊಳಗೆ ನೀರು ಬಿಡುವುದು ಎಂದು ಅವನಿಗೆ ಹೊಳೆದದ್ದು ಹೇಗೋ ತಿಳಿಯದು. ಒಂದು ಮಧ್ಯಾಹ್ನ ಹೆಂಡತಿಯ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಅವಳ ಮೈಯೇ ಬಯಲೆಂದುಕೊಂಡು, ತೂಬು ಎತ್ತಿದ್ದೇನೆ, ನೀರು ಬರುತ್ತಾ ಇದೆ, ಬಲಗಾಲ ಹೆಬ್ಬೆಟ್ಟು ಗೌಡರ ಗದ್ದೆ, ಅದಕ್ಕೆ ಬಿಡು ಎಂದ.

ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡೇ, ‘ಗೌಡ್ರ ಗದ್ದೆ ನನ್ನ ಕಾಲಡಿ ಇರಾದು ಚೆಂದಾಗದೆ’ ಎಂದಳು. ‘ಯಾರ್ಗೂ ಏಳ್ಬ್ಯಾಡ, ಕಂದಾಯ ಕೇಳಕ್ಕೆ ಬಂದಾರು.’

ಅವನು ನಗದೆ ಮುಂದುವರಿದ. ಮಿಕ್ಕ ಬೆರಳುಗಳು ದೇವಸ್ಥಾನದ ಗದ್ದೆಗಳಾದವು. ಮೀನಖಂಡ, ಮೊಣಕಾಲು ಎಲ್ಲಕ್ಕೂ ಒಬ್ಬೊಬ್ಬ ಒಡೆಯ ಸಿಕ್ಕಿದ. ಗದ್ದೆ ನಡುವಿನ ತೆವರಿಗಾಗಿ ಹೊಡೆದಾಡಿದ್ದ ಅಣ್ಣತಮ್ಮಂದಿರು ಎರಡು ಮೊಣಕಾಲಾದರು, ಇಬ್ಬರಿಗೂ ಸಮನಾಗಿ ಬಿಡಬೇಕೆಂದು ಆಕೆಯೇ ತಾಕೀತು ಮಾಡಿದಳು. ಉಸಿರಿಗೂ ಅವನಲ್ಲಿ ಕ್ರಮವಿತ್ತು: ಗಂಡಿ ದೊಡ್ಡದು ಮಾಡಿದರೆ ತೆವರು ಕೊಚ್ಚಿ ಹೋಗುತ್ತದೆ, ಸಣ್ಣಗೆ ಬಿಡಬೇಕು, ತಾನಾಗಿ ತುಂಬುವ ತನಕ ಕಾಯಬೇಕು. ನೆನೆದ ಗದ್ದೆಗೆ ಮತ್ತೆ ಕಾಲಿಡಬಾರದು. ಬಿಟ್ಟ ಕಾಲನ್ನು ಸರಿಯೋ ತಪ್ಪೋ ಎಂದು ಅಲ್ಲಾಡಿಸಿ ನೋಡಬಾರದು.

ಕೈಯ ಬಳಿ ಬಂದಾಗ ಕೆಲಸ ನಿಂತಿತು. ಆಕೆಯ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಮತ್ತೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಷ್ಟು ವರ್ಷ ಸಸಿಯ ಕಟ್ಟು ಹಿಡಿದ ಕೈ ಅದು. ಕರಿಸಿದ್ದಯ್ಯ ಹೊತ್ತುಗಟ್ಟಲೆ ಕಾದ. ಕೊನೆಗೆ ಆಕೆಯೇ ನಿದ್ದೆಗಣ್ಣಿನಲ್ಲಿ ಕೇಳಿದಳು: ‘ಪೈರು ಕೆಳಗಾಕ್ಬುಡ್ಲಾ?’

‘ಆಕ್ಬುಡು ಕಣಮ್ಮಿ. ಇವತ್ತಿನ ನಾಟಿ ಮುಗೀತು.’

ಬೆರಳುಗಳು ಒಂದೊಂದಾಗಿ ತೆರೆದವು. ಆ ಮಧ್ಯಾಹ್ನ ಆಕೆ ಸಂಜೆಯ ತನಕ ಮಲಗಿದ್ದಳು.

ಕರಿಸಿದ್ದಯ್ಯ ಹಿರಿಹಿಗ್ಗಿದ. ಪಟ್ಟಲಮ್ಮನನ್ನು ಕರೆದು ತೋರಿಸಿದ. ಮಂಡ್ಯದ ಡಾಕ್ಟರಿಗೆ ಹೇಳಿ ಕಳಿಸುವ ಮಾತೂ ಆಡಿದನಂತೆ. ಜನ್ಮವೆಲ್ಲ ನಿದ್ದೆಗೆಡುವುದರಲ್ಲಿ ಹೆಸರು ಪಡೆದವನು ಈಗ ನಿದ್ದೆ ಬರಿಸುವುದರಲ್ಲೂ ಹೆಸರು ಪಡೆಯಬಹುದೆಂದು ಅವನಿಗೆ ಅನ್ನಿಸಿದ್ದರೆ ತಪ್ಪೇನೂ ಇಲ್ಲ. ಕೆಲವು ದಿನ ಎಲ್ಲ ಹಾಗೇ ನಡೆಯಿತು. ಕಾಲು, ಕೈ, ಭುಜ, ಕೊರಳು, ಹುಬ್ಬು ಎಂದು ನೀರು ಸುತ್ತಿ ಬರುವುದರೊಳಗೆ, ಹೊಟ್ಟೆಯ ಸರದಿಗೆ ಮೊದಲೇ ಆಕೆಗೆ ನಿದ್ದೆ ಹತ್ತುತ್ತಿತ್ತು. ಆದರೆ ನೋವು ದಿನದಿನಕ್ಕೆ ಬಲಿಯಿತು. ಒಂದು ದಿನ ಬಯಲೆಲ್ಲ ನೆನೆದರೂ ಆಕೆ ಎಚ್ಚರವಾಗಿಯೇ ಇದ್ದಳು. ಕರಿಸಿದ್ದಯ್ಯ, ಅಭ್ಯಾಸಬಲದಿಂದ, ಬಯಲಿನಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದ: ‘ಇನ್ನ ಉಳಿದಿರಾದು ನಮ್ಮ ಗದ್ದೆ ಕಣಮ್ಮಿ. ಒಟ್ಟೆ ಬುಡು.’

ಹೊಂಬಾಳಮ್ಮ ಕಣ್ಣು ತೆರೆದಳು.

‘ಇಲ್ಲೂ ನಮ್ದೇ ಕೊನೆಗಾ?’

ಅವನು ತಬ್ಬಿಬ್ಬಾದ. ಅದು ತನ್ನ ಮಾತಲ್ಲ, ಡಾಕ್ಟರು ಹೇಳಿದ ಕ್ರಮ ಎಂದ. ಆಕೆ ಜಗಳ ಮಾಡಲಿಲ್ಲ. ಹಿಂಗೋಡೆಯ ಕಡೆಗೆ ಮುಖ ತಿರುಗಿಸಿ, ಕಾಲುವೆ ಹಾಯುವ ಕಡೆ ನೋಡುತ್ತಾ ಹೇಳಿದಳು: ‘ಮುಂದಕ್ಕೋಗೋ ನೀರಿನ ಸದ್ದು ಕೇಳ್ಕಂಡೇ ನನ್ನ ಆಯಸ್ಸು ಕಳೀತು. ಓಗೋ ನೀರಿನ ಸದ್ದೇ ಬ್ಯಾರೆ, ಬೀಳೋ ನೀರಿನ ಸದ್ದೇ ಬ್ಯಾರೆ. ಬೀಳೋದ ಒಂದು ಕಿತ ಮೊದ್ಲು ಕೇಳ್ಬೇಕು ಅಂತಿದ್ದೆ. ಓಗ್ಲಿ ಬುಡು.’

ಮಾರನೆಯ ದಿನ ಅವನು ಕ್ರಮವನ್ನು ತಲೆಕೆಳಗು ಮಾಡಿದ. ಮೊದಲು ನಮ್ಮ ಗದ್ದೆಗೆ ಬಿಟ್ಟಿದ್ದೇನೆ, ಗೌಡರು ಕಾಯಲಿ ಎಂದ. ಆಕೆ ನಕ್ಕು, ಬಾಯಲ್ಲಿ ಬಿಟ್ಟ ನೀರಿಗೆ ಪೈರು ಬರುತ್ತದೆಯೇ ಎಂದು ಕೇಳಿದಳು. ಅಲ್ಲಿಗೆ ಆಟ ಮುಗಿಯಿತು. ಆ ದಿನದಿಂದ ಹೆಬ್ಬೆಟ್ಟು ಕೂಡ ಸಡಿಲವಾಗಲಿಲ್ಲ. ನೀರು ಬಿಡುವವನ ಮೇಲೆ ನಂಬಿಕೆಯಿರುವ ತನಕ ತಾನೆ ಬಯಲು ಸುಮ್ಮನೆ ಕಾಯುವುದು. ಆಕೆ ಕಣ್ಣು ತೆರೆದು, ಮುಷ್ಟಿ ಬಿಗಿದು, ಸೂರಿನ ಗರಿ ನೋಡುತ್ತಾ ಮಲಗಿರುತ್ತಿದ್ದಳು. ಗಂಜಿಯೂ ಒಳಗೆ ಹೋಗದಾಯಿತು. ಹೀಗೇ ನಿದ್ದೆಯಿಲ್ಲದೆ ಹೋದರೆ ತೆನೆ ಮೂಡುವ ತನಕ ಇರಲಿ, ಒಟ್ಲುಪಾತಿಯ ಸಸಿ ಕೀಳುವ ತನಕವೂ ಇವಳು ಇರುವುದಿಲ್ಲ ಎಂದು ಪಟ್ಟಲಮ್ಮ ಕರಿಸಿದ್ದಯ್ಯನನ್ನು ಹೊರಗೆ ಕರೆದು ಹೇಳಿದಳು. ಎಷ್ಟೋ ಹುಟ್ಟನ್ನೂ ಸಾವನ್ನೂ ನೋಡಿದವಳು.

ಆ ವರ್ಷ ಮಳೆ ತಡವಾಗಿ ಹಿಡಿದು ಕೆರೆ ಭಾದ್ರಪದದಲ್ಲಿ ತುಂಬಿತು. ತೂಬು ಎತ್ತುವ ದಿನ ಗೊತ್ತಾಯಿತು.

ನಮ್ಮೂರಿನಲ್ಲಿ ಆ ದಿನಕ್ಕೆ ಒಂದು ಮರ್ಯಾದೆಯುಂಟು. ಏರಿಯ ಮೇಲೆ ಪೂಜೆಯಾಗಿ, ನೀರುಗಂಟಿ ಕೆರೆಗಿಳಿದು, ತೂಬಿನ ಕಲ್ಲುಗಂಬಕ್ಕೆ ಈಜಿ ಮರದ ಬಿರಡೆ ಎತ್ತುತ್ತಾನೆ. ಆಮೇಲೆ ಹೊರಗೆ ಬಂದು, ಸನಿಕೆ ಹೆಗಲಿಗಿಟ್ಟು, ಒಣ ಕಾಲುವೆಯಲ್ಲಿ ಕಸಕಡ್ಡಿ ತಳ್ಳಿಕೊಂಡು ಬರುವ ನೀರಿನ ಜೊತೆಜೊತೆಗೇ ನಡೆಯುತ್ತಾನೆ. ಪಟೇಲರು ತಮ್ಮ ಗದ್ದೆಯ ತೆವರ ಮೇಲೆ ತೆಂಗಿನಕಾಯಿ ಹಿಡಿದು ನಿಂತಿರುತ್ತಾರೆ. ಮೊದಲ ನೀರು ಅಲ್ಲಿ ಬೀಳುವಾಗ ಕಾಯಿ ಒಡೆದು, ಊರಿಗೆಲ್ಲ ತಾವೇ ಮಳೆ ತರಿಸಿದವರಂತೆ ಸುತ್ತ ನೋಡುತ್ತಾರೆ. ಚಿಕ್ಕಬೋರೇಗೌಡರ ತಂದೆಯೂ ಹಾಗೇ ನೋಡುತ್ತಿದ್ದರಂತೆ.

ಕರಿಸಿದ್ದಯ್ಯ ಬಿರಡೆ ಎತ್ತಿದ. ನೀರಿನ ಜೊತೆ ನಡೆದು ಬಂದ. ತನ್ನ ಗುಡಿಸಲ ಪಕ್ಕ ಬಂದಾಗ ನಿಂತ. ಅವನು ನಿಂತರೂ ನೀರು ನಿಲ್ಲುವುದಿಲ್ಲ, ಅದು ಮುಂದೆ ಹೊರಟಿತ್ತು. ಅವನು ಆಗ ಏನು ಯೋಚಿಸಿದನೋ ಅವನಿಗೇ ಗೊತ್ತಿರಲಿಲ್ಲವೆಂದು ಆಮೇಲೆ ಪಟ್ಟಲಮ್ಮನ ಬಳಿ ಹೇಳಿದ್ದನಂತೆ. ಸರದಿ ತಪ್ಪಿಸಿದ ನೀರುಗಂಟಿಯಿಂದ ಸನಿಕೆ ಕಿತ್ತುಕೊಳ್ಳುವ ಅಧಿಕಾರ ಪಟೇಲರಿಗಿತ್ತು. ಸನಿಕೆ ಹೋದರೆ ಗದ್ದೆಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಧರ್ಮರಾಯ ಎಂಬ ಹೆಸರು ಹೋಗುತ್ತದೆ. ಅವನಪ್ಪನಿಂದ ಬಂದ ಆಸ್ತಿಯೆಂದರೆ ಅದೊಂದೇ.

ಅವನು ಎರಡು ಹೆಂಟೆ ಮಣ್ಣು ಮಗುಚಿ ಕಾಲುವೆಗೆ ಅಡ್ಡ ಹಾಕಿದ. ತನ್ನ ಗದ್ದೆಯ ಗಂಡಿ ಕಡಿದ.

ಆ ಗದ್ದೆ ಕಾಲುವೆಗಿಂತ ಮೊಳದಷ್ಟು ಕೆಳಗಿದೆ. ನೀರು ಮೊದಲು ತಡವರಿಸಿ, ಆಮೇಲೆ ಒಂದೇ ಸಮನೆ ಬೀಳತೊಡಗಿತು. ಗುಡಿಸಲಿನೊಳಗೆ ಹೊಂಬಾಳಮ್ಮನ ತಲೆಯ ಬಳಿ ಪಟ್ಟಲಮ್ಮ ಕೂತಿದ್ದಳು. ಗೋಡೆಯ ಆಚೆ ಸದ್ದು ಶುರುವಾದಾಗ ರೋಗಿ ಉಸಿರು ಹಿಡಿದು ಕೇಳಿದಳಂತೆ. ಇದು ಹೋಗುವ ಸದ್ದಲ್ಲ ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊರಗಿನಿಂದ ಕರಿಸಿದ್ದಯ್ಯ ಗೋಡೆಗೆ ಬಾಯಿ ಹತ್ತಿರ ತಂದು, ‘ಬುಟ್ಟಿವ್ನಿ ಕಣಮ್ಮಿ’ ಎಂದ.

ಒಳಗಿನಿಂದ ‘ಊ’ ಎಂದು ಬಂತು. ಆಮೇಲೆ ಏನೂ ಬರಲಿಲ್ಲ. ಅವನು ಕಾಲು, ಕೈ, ಹೊಟ್ಟೆ ಎಂದು ಯಾವುದರ ಹೆಸರನ್ನೂ ಹೇಳಲಿಲ್ಲ. ಬಿಗಿದ ಮುಷ್ಟಿಗಳೆರಡೂ ಚಾಪೆಯ ಮೇಲೆ ತಾವಾಗಿ ತೆರೆದುಕೊಂಡದ್ದನ್ನು ನೋಡಿ ಪಟ್ಟಲಮ್ಮ ಮೊದಲು ಹೆದರಿದಳು. ಮೂಗಿನ ಬಳಿ ಕೈ ಹಿಡಿದು ನೋಡಿ, ಹೊರಗೆ ಬಂದು, ತುಟಿಯ ಮೇಲೆ ಬೆರಳಿಟ್ಟಳು.

ಅತ್ತ ಪಟೇಲರ ತೆವರ ಮೇಲೆ ತೆಂಗಿನಕಾಯಿ ಬಿಸಿಲಿಗೆ ಕಾಯುತ್ತಿತ್ತು. ಬಂದೇ ಬಂತು ಎನ್ನುತ್ತಿದ್ದ ನೀರು ಬರಲಿಲ್ಲ. ಸುತ್ತ ನಿಂತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ಗೌಡರು ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ಹೊರಟರು. ಹಿಂದೆ ಯಾರೂ ಬರಕೂಡದೆಂದು ಕೈ ಮಾಡಿದರು. ಬೈಯುವುದಕ್ಕೆ ಅವರಿಗೆ ಸಹಾಯ ಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಬೈಗುಳವನ್ನು ಜೋಡಿಸಿಕೊಳ್ಳುತ್ತಾ ಬಂದಿರಬೇಕು. ಜೋಡು ಕಿರ್ರೆಂದು, ಕಿರ್ರೆಂದು, ಅವರಿಗಿಂತ ಮುಂಚೆಯೇ ಕೇರಿ ಹೊಕ್ಕಿತು.

ಕರಿಸಿದ್ದಯ್ಯ ಆ ಸದ್ದು ಕೇಳಿದ. ಬೇರೆ ದಿನವಾಗಿದ್ದರೆ ದಂಡೆಯಿಂದ ಇಳಿದು ಗದ್ದೆಯ ಕೆಸರಿನಲ್ಲಿ ನಿಲ್ಲುತ್ತಿದ್ದ. ಇಂದು ಇಳಿಯಲಿಲ್ಲ. ಸನಿಕೆ ನೆಲಕ್ಕೂರಿ, ಇನ್ನೊಂದು ಕೈಯನ್ನು ಮುಂದೆ ಚಾಚಿ ಅಂಗೈ ತೋರಿಸಿದ. ಬಯಲಿನ ಆಚೆ ತುದಿಯಲ್ಲಿದ್ದವರಿಗೆ ನೀರು ನಿಲ್ಲಿಸಿ ಎಂದು ತೋರಿಸುತ್ತಿದ್ದ ಸನ್ನೆಯೇ ಅದು. ಪಟೇಲರಿಗೆ ಅದನ್ನು ತೋರಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಬಹುಶಃ ಅದಕ್ಕೇ ಅವರು ನಿಂತರು.

‘ಬುದ್ದಿ, ಈಗ ತಾನೆ ಮನಗವ್ಳೆ’ ಎಂದ ಕರಿಸಿದ್ದಯ್ಯ, ಮೆಲ್ಲಗೆ.

ಗೌಡರು ಬಾಯಿ ತೆರೆದರು. ಗುಡಿಸಲಿನ ಪಕ್ಕಕ್ಕಿದ್ದ ತೆರೆದ ಬಾಗಿಲಿನಿಂದ ಒಳಗೆ ಚಾಪೆ ಕಾಣುತ್ತಿತ್ತು, ಚಾಪೆಯ ಮೇಲೆ ಬಿಚ್ಚಿಕೊಂಡ ಒಂದು ಕೈ. ಅವರ ಗದ್ದೆಯ ಪೈರನ್ನೆಲ್ಲ ಎಷ್ಟೋ ವರ್ಷ ಊರಿದ ಕೈ; ಅದರ ಅಂಗೈಯನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಜೋಡು ಕಿರ್ರೆಂದಿತು. ಒಳಗೆ ಹೊಂಬಾಳಮ್ಮ ಸಣ್ಣಗೆ ನರಳಿ ತಲೆ ಹೊರಳಿಸಿದಳು. ಬಾಗಿಲಲ್ಲಿದ್ದ ಪಟ್ಟಲಮ್ಮ ಗೌಡರನ್ನು ನೋಡಿದಳು.

ಮುಂದೆ ಇಟ್ಟರೂ ಸದ್ದು, ಹಿಂದೆ ಸರಿದರೂ ಸದ್ದು. ಪಟೇಲ ಚಿಕ್ಕಬೋರೇಗೌಡರು ಸ್ವಲ್ಪ ಹೊತ್ತು ಹಾಗೆಯೇ ಒಂಟಿಕಾಲ ಕೊಕ್ಕರೆಯಂತೆ ನಿಂತಿದ್ದರು. ಆಮೇಲೆ ಬಗ್ಗಿ, ಒಂದು ಜೋಡು ಕಳಚಿದರು, ಇನ್ನೊಂದನ್ನೂ ಕಳಚಿದರು. ಬರಿಗಾಲಿನಲ್ಲಿ ನಿಂತಾಗ ಅವರು ನಾವೆಲ್ಲ ತಿಳಿದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು.

‘ತುಂಬ್ಲಿ’ ಎಂದರು. ಅವರು ಪಿಸುಮಾತು ಆಡಬಲ್ಲರೆಂಬುದು ಊರಿಗೆ ಗೊತ್ತಿರಲಿಲ್ಲ. ‘ತುಂಬಿದ್ಮ್ಯಾಲೆ ಆ ಕಡೀಕೆ ಬುಡು.’

ಎರಡೂ ಜೋಡನ್ನು ಕೈಯಲ್ಲಿ ಹಿಡಿದು, ಕೆಸರಿನಲ್ಲಿ ಕಾಲು ನೋಡಿ ನೋಡಿ ಇಡುತ್ತಾ ಕೇರಿ ದಾಟಿ ಹೋದರು. ಅಷ್ಟು ಮನೆಗಳ ಬಾಗಿಲಲ್ಲಿ ನಿಂತಿದ್ದ ಜನ ಒಳಗೆ ಸರಿದುಕೊಂಡರು. ಕೈಯಲ್ಲಿ ಮೆಟ್ಟು ಹಿಡಿದು ನಡೆಯುವುದು ಹೇಗಿರುತ್ತದೆಂದು ಅವರಿಗೆಲ್ಲ ತಿಳಿದಿತ್ತು.

ಹೊಂಬಾಳಮ್ಮ ದೀಪ ಹಚ್ಚುವ ಹೊತ್ತಿಗೆ ಎದ್ದು ಗಂಜಿ ಕೇಳಿದಳು. ಆಮೇಲೆಯೂ ನೋವು ಹೋಗಲಿಲ್ಲ, ಹೋಗುವಂಥದ್ದಲ್ಲ ಅದು. ಆದರೆ ಪ್ರತಿ ಸರದಿಯಲ್ಲೂ ನೀರು ಮೊದಲು ಹಿಂಗೋಡೆಯ ಆಚೆ ಬೀಳುತ್ತಿತ್ತು, ಆಕೆ ಅದರ ಜೊತೆಗೇ ನಿದ್ದೆ ಹೋಗುತ್ತಿದ್ದಳು. ನೀರಿಲ್ಲದ ದಿನ ಕರಿಸಿದ್ದಯ್ಯ ಬಾಯಲ್ಲಿ ಬಿಡುತ್ತಿದ್ದ. ಈಗ ಆ ನೀರಿಗೂ ಬೆಲೆ ಬಂದಿತ್ತು. ಆ ತುಂಡಿನಲ್ಲಿ ಮೊದಲ ಬಾರಿಗೆ ಹಸಿರು ಸಸಿ ನಾಟಿಯಾಗಿ, ದಟ್ಟವಾಗಿ ಎದ್ದಿತು. ಹಾಲುಗಾಳು ಕಟ್ಟಿದ ದಿನ ಪಟ್ಟಲಮ್ಮ ಒಂದು ತೆನೆ ಮುರಿದು ತಂದು ಆಕೆಯ ಕೈಗಿಟ್ಟಳು. ಆಕೆ ಅದನ್ನು ಹಿಡಿದುಕೊಳ್ಳಲಿಲ್ಲ; ತೆರೆದ ಅಂಗೈಯ ಮೇಲೆ ಇಟ್ಟುಕೊಂಡು ನೋಡಿದಳು. ಕಾರ್ತಿಕದಲ್ಲಿ, ಕಾಲುವೆಯಲ್ಲಿ ನೀರಿದ್ದ ಒಂದು ಬೆಳಿಗ್ಗೆ, ಮಲಗಿದವಳು ಹಾಗೆಯೇ ಹೋದಳು. ಕರಿಸಿದ್ದಯ್ಯ ಗೋಡೆಗೊರಗಿ ಅಲ್ಲೇ ಇದ್ದ. ಎರಡು ಕಣ್ಣನ್ನೂ ಮುಚ್ಚಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಪಟ್ಟಲಮ್ಮ ಅವನನ್ನು ತಕ್ಷಣ ಎಬ್ಬಿಸಲಿಲ್ಲ.

ಪಟೇಲರ ಜೋಡಿನ ಸಂಗತಿ ಊರಿನಲ್ಲಿ ಕೆಲವು ಕಾಲ ಓಡಾಡಿತು. ಯಾರೋ ಧೈರ್ಯ ಮಾಡಿ ಕೇಳಿದಾಗ, ಅಂದು ಹೊಸ ಜೋಡು ಕಾಲು ಕಚ್ಚುತ್ತಿತ್ತು, ಅದಕ್ಕೆ ಕಳಚಿದೆ ಎಂದರು. ಅದು ಮೂರು ವರ್ಷದ ಹಳೆಯ ಜೋಡೆಂದು ಎಲ್ಲರಿಗೂ ಗೊತ್ತಿತ್ತು. ಊರು ತಲೆಯಾಡಿಸಿ ಒಪ್ಪಿಕೊಂಡಿತು.

ಮರುವರ್ಷ ತೂಬು ಎತ್ತುವ ದಿನ ಕರಿಸಿದ್ದಯ್ಯ ಹಳೆಯ ಕ್ರಮಕ್ಕೆ ಮರಳಿದ್ದ. ಮಲಗಬೇಕಾದವಳು ಇರಲಿಲ್ಲ; ಸರದಿ ತಪ್ಪಿಸಲು ಅವನಿಗೆ ಕಾರಣವೂ ಇರಲಿಲ್ಲ. ನೀರಿನ ಜೊತೆ ನಡೆದು ಬಂದು ತನ್ನ ಗಂಡಿಯನ್ನು ದಾಟಿ ಹೊರಟ. ದಂಡೆಯ ತಿರುವಿನಲ್ಲಿ ಚಿಕ್ಕಬೋರೇಗೌಡರು ನಿಂತಿದ್ದರು. ತಮ್ಮ ಗದ್ದೆಯ ತೆವರ ಮೇಲೆ ಇರಬೇಕಾದವರು ಅಲ್ಲಿಗೆ ಯಾಕೆ ಬಂದರೋ. ಕೈಯಲ್ಲಿ ತೆಂಗಿನಕಾಯಿ ಇತ್ತು.

‘ಜೋಡು ಕಚ್ತಾ ಅದೆ ಕಣ್ಲಾ’ ಎಂದರು. ‘ಆ ತೆವರಿಗೋಗಕ್ಕೆ ನಂಗೆ ವಸಿ ಹೊತ್ತಾಯ್ತದೆ.’

ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಜೋಡು ಕಳಚಿ, ಒಳಗೆ ಬೆರಳಾಡಿಸಿ, ಇಲ್ಲದ ಮುಳ್ಳನ್ನು ಹುಡುಕತೊಡಗಿದರು. ಪಟೇಲರಿಲ್ಲದೆ ಅವರ ಗದ್ದೆಗೆ ಮೊದಲ ನೀರು ಬಿಡುವಂತಿಲ್ಲ. ಬಂದ ನೀರು ನಿಲ್ಲುವಂತಿಲ್ಲ. ಕರಿಸಿದ್ದಯ್ಯ ಒಮ್ಮೆ ಅವರನ್ನು ನೋಡಿದ, ಒಮ್ಮೆ ಹಿಂದೆ ಬಿಟ್ಟು ಬಂದ ಗಂಡಿಯನ್ನು ನೋಡಿದ. ‘ನಿಧಾನಕ್ಕೆ ಆಗ್ಲಿ ಬುದ್ದಿ’ ಎಂದು ಹೇಳಿ, ಹಿಂದಿರುಗಿ, ಸನಿಕೆ ಎತ್ತಿದ.

ಗೌಡರು ಬದುಕಿದ್ದಷ್ಟು ವರ್ಷವೂ ತೂಬು ಎತ್ತುವ ದಿನ ಅವರ ಜೋಡು, ಆ ತುಂಡು ಗದ್ದೆ ತುಂಬುವ ತನಕ, ತಪ್ಪದೆ ಕಾಲು ಕಚ್ಚಿತು.